ಕೆಂಪಾಜಿಯ ಕವೆಗೋಲು

ಎಷ್ಟು ಕಾಲವಾಯಿತೋ ಹೇಳುವವರಿಲ್ಲ. ಕಣಿವೆಮೋಳೆ ಅನ್ನುವ ಊರಿನಲ್ಲಿ ಒಂದು ಬೆಳಿಗ್ಗೆ ಕೆಂಪಾಜಿ ಅನ್ನುವ ಹೆಂಗಸು ಗರಡಿಮನೆಯ ಹೊಸ್ತಿಲ ಮುಂದೆ ಬಂದು ನಿಂತಳು. ತಲೆಗೆ ಎಣ್ಣೆ ಇರಲಿಲ್ಲ. ಕೈಯಲ್ಲಿ ಬಳೆ ಇರಲಿಲ್ಲ. ಗಂಡ ಸತ್ತು ತಿಂಗಳು ತುಂಬಿರಲಿಲ್ಲ.

ಗರಡಿಯ ಒಳಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. ಅವಳು ಇಡಲಿಲ್ಲ. ಹೊರಗೇ ನಿಂತಳು. ಒಳಗೆ ಕೆಮ್ಮಣ್ಣಿನ ಮಟ್ಟಿಯಲ್ಲಿ ಪೈಲ್ವಾನರು ಸಾಮು ಮಾಡುತ್ತಿದ್ದರು. ಒಬ್ಬ ಬಾಗಿಲಿಗೆ ಬಂದ.

"ಏನಕ್ಕಾ, ಮಜ್ಜಿಗೆ ತಂದ್ಯಾ?"

"ಮಜ್ಜಿಗೆ ಕುಡ್ದು ಬೆಳೆದಿದ್ರೆ ನಿನ್ನ ತೊಡೆ ಹಿಂಗಿರ್ತಿತ್ತಾ? ಹೋಗು, ವಸ್ತಾದ್ರನ್ನ ಕರಿ."

ಒಳಗಿದ್ದವರು ನಕ್ಕರು. ಅವನೂ ನಕ್ಕು ಒಳಗೆ ಹೋದ. ಅವಳು ನಗಲಿಲ್ಲ.

ವಸ್ತಾದ್ ಮಂಟಯ್ಯ ಮೈಯ ಮಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದ. ಆ ಊರಿನ ಗಂಡಸರಿಗೆಲ್ಲ ಅವನೇ ಗುರು. ಅವಳ ಗಂಡ ಚೆನ್ನಂಜನಿಗೂ ಅವನೇ ಗುರು. ಅವಳ ಮುಖ ನೋಡಿದ, ನೆಲ ನೋಡಿದ.

"ಏನು ತಾಯಿ?"

"ನಂಗೊಂದು ವಿದ್ಯೆ ಕಲ್ಸಿ."

"ಯಾಕೆ?"

"ಘಟ್ಟ ಇಳೀಬೇಕು."

ಅಷ್ಟೇ ಮಾತಾಯಿತು, ಅಂತಾರೆ. ಅವನಿಗೆ ಅಷ್ಟು ಸಾಕಿತ್ತು. ನಿಮಗೆ ಸಾಲದು. ಹೇಳುತ್ತೇನೆ.

ಕಣಿವೆಮೋಳೆಯ ನೆಲ ಬಂಡೆ. ಅಲ್ಲಿ ಉಳುವುದಕ್ಕೆ ಏನೂ ಇರಲಿಲ್ಲ. ಊರಿನವರು ಬೆಲ್ಲ ಹೊತ್ತು ಘಟ್ಟ ಇಳಿಯುತ್ತಿದ್ದರು, ಉಪ್ಪು ಹೊತ್ತು ಘಟ್ಟ ಹತ್ತುತ್ತಿದ್ದರು. ಹೊತ್ತ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಹೊರದ ಮನೆಯಲ್ಲಿ ಉರಿಯುತ್ತಿರಲಿಲ್ಲ. ಘಟ್ಟದಲ್ಲಿ ಕಳ್ಳರಿದ್ದರು. ಅದಕ್ಕೇ ಆ ಊರಿನಲ್ಲಿ ಗರಡಿ ಇತ್ತು. ಹೊರೆ ಹೊರುವವನು ಮೊದಲು ಮಟ್ಟಿಗೆ ಇಳಿಯಬೇಕು, ಆಮೇಲೆ ಘಟ್ಟಕ್ಕೆ ಇಳಿಯಬೇಕು. ಅದು ಊರಿನ ಕಟ್ಟು.

ಚೆನ್ನಂಜ ಕುಸ್ತಿಯಲ್ಲಿ ಯಾರಿಗೂ ಬೆನ್ನು ತೋರಿದವನಲ್ಲ. ಸುತ್ತಲ ಊರುಗಳ ಪೈಲ್ವಾನರನ್ನೆಲ್ಲ ಕೆಡವಿದ್ದ. ಬಿದ್ದವನ ಬೆನ್ನು ಮಣ್ಣು ಮುಟ್ಟಿದ ಕೂಡಲೇ ಅವನನ್ನು ಬಿಟ್ಟು, ಕೈ ಕೊಟ್ಟು ಎಬ್ಬಿಸುತ್ತಿದ್ದ. ಗರಡಿಯ ಮರ್ಯಾದೆ ಅದು. ಮಂಟಯ್ಯ ಎಲ್ಲರಿಗೂ ಮೊದಲ ದಿನವೇ ಅದನ್ನು ಹೇಳಿಕೊಡುತ್ತಿದ್ದ. ಕೈ ಕೊಡದವನನ್ನು ಮಟ್ಟಿಯಿಂದ ಆಚೆಗೆ ದಬ್ಬುತ್ತಿದ್ದ.

ಘಟ್ಟದ ನಡುವೆ ಜಾರುಬಂಡೆ ಅಂತ ಒಂದು ಜಾಗ. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕಮರಿ. ದಾರಿ ಒಬ್ಬರು ನಡೆಯುವಷ್ಟು. ಅಲ್ಲಿ ಹರಿಗಿವಿ ಅನ್ನುವ ಕಳ್ಳ ಚೆನ್ನಂಜನನ್ನು ತಡೆದ. ಅವನ ಒಂದು ಕಿವಿ ಹರಿದು ಜೋತಾಡುತ್ತಿತ್ತು. ಆನೆಯಂಥ ಆಳು. ಚೆನ್ನಂಜ ಹೊರೆ ಇಳಿಸಿದ. ಪಟ್ಟು ಹಾಕಿದ. ಎತ್ತಿ ಕೆಡವಿದ. ಹರಿಗಿವಿಯ ಬೆನ್ನು ಮಣ್ಣು ಮುಟ್ಟಿತು.

ಚೆನ್ನಂಜ ಬಿಟ್ಟ. ಕೈ ಕೊಟ್ಟ.

ಹರಿಗಿವಿ ಆ ಕೈ ಹಿಡಿದುಕೊಂಡೇ ಎದ್ದ. ಎದ್ದು, ಇನ್ನೊಂದು ಕೈಯಿಂದ ಸೊಂಟದ ಬಾಕು ತೆಗೆದು ಹೊಟ್ಟೆಗೆ ಹಾಕಿದ. ಹಿಂದೆ ಬರುತ್ತಿದ್ದ ಹೊರೆಯಾಳುಗಳು ಕಂಡು ಹೇಳಿದರು. ಚೆನ್ನಂಜ ಬೇಕಂತ ಕೈ ಕೊಡಲಿಲ್ಲ, ಕೈ ತಾನಾಗಿ ಹೋಯಿತು ಅಂತ ಹೇಳಿದರು.

ಈಗ ಅವನ ಹೊರೆ ಕೆಂಪಾಜಿಯ ತಲೆಗೆ ಬಂದಿತ್ತು. ಮನೆಯಲ್ಲಿ ಹಾಲುಹಲ್ಲು ಬೀಳದ ಮಗಳು, ಹೊನ್ನಿ. ಬೇರೆ ಯಾರೂ ಇಲ್ಲ. ಕೆಂಪಾಜಿ ಘಟ್ಟ ಇಳಿಯದಿದ್ದರೆ ಹೊನ್ನಿಗೆ ಗಂಜಿ ಇಲ್ಲ. ಇಳಿದು ಮರಳದಿದ್ದರೂ ಗಂಜಿ ಇಲ್ಲ.

ಮಂಟಯ್ಯ ಗರಡಿಯ ಮುಂದಿನ ಬೇವಿನ ಮರದ ಬುಡದಲ್ಲಿ ಕೂತ. ಅವಳನ್ನೂ ಕೂರು ಅಂದ. ಅವಳು ನಿಂತೇ ಇದ್ದಳು.

"ಯಾವುದು ಬೇಕು?" ಅಂದ. "ಕುಸ್ತಿನಾ, ಕೋಲಾ, ಬಾಕಾ?"

"ಯಾವುದು ಒಳ್ಳೇದು?"

"ಎಲ್ಲಾ ಒಳ್ಳೇದೇ. ಎಲ್ಲಾ ಕೆಟ್ಟದ್ದೇ."

"ಹಂಗಂದ್ರೆ ನಾನೇನು ತಿಳ್ಕೋಬೇಕು ವಸ್ತಾದ್ರೆ? ಒಗಟು ಕೇಳಕ್ಕೆ ಬಂದಿಲ್ಲ ನಾನು."

ಮಂಟಯ್ಯ ಹೇಳಿದನಂತೆ. ಕುಸ್ತಿ ಮೈ ಕಟ್ಟುತ್ತದೆ. ಉಸಿರು ಕಟ್ಟುತ್ತದೆ. ಆದರೆ ಅದು ಎದುರಾಳಿಯನ್ನು ನಂಬುವ ವಿದ್ಯೆ. ಎದುರಾಳಿಗೂ ಒಬ್ಬ ಗುರು ಇದ್ದಾನೆ ಅಂತ ನಂಬಿ ಆಡುವ ಆಟ. ಬಾಕು ಬೇಗ ಬರುತ್ತದೆ. ಆದರೆ ಸೊಂಟದಲ್ಲಿ ಬಾಕು ಇದ್ದವನ ಕೈ ಊಟಕ್ಕೆ ಕೂತಾಗಲೂ ಅದರ ಮೇಲೇ ಇರುತ್ತದೆ. ಹೆಂಡತಿ ಜೊತೆ ಜಗಳ ಬಂದಾಗಲೂ ಅಲ್ಲಿಗೇ ಹೋಗುತ್ತದೆ. ಕೋಲು ದೂರ ಇಡುವ ವಿದ್ಯೆ. ಹತ್ತಿರ ಬಂದವರನ್ನೆಲ್ಲ ದೂರ ಇಡುತ್ತದೆ. ಕಳ್ಳ ಯಾರು, ನೆಂಟ ಯಾರು ಅಂತ ಕೋಲು ಕೇಳುವುದಿಲ್ಲ.

"ವಿದ್ಯೆ ಮೈಗೆ ಹತ್ತೋವರೆಗೆ ನೀನು ಹೇಳಿದಂಗೆ ಕೇಳ್ತದೆ ತಾಯಿ. ಹತ್ತಿದ ಮೇಲೆ ಕೇಳಲ್ಲ. ನಿನ್ನ ಗಂಡಂಗೆ ಆಗಿದ್ದು ಅದೇ. ಯೋಚನೆ ಮಾಡು."

ಕೆಂಪಾಜಿ ಯೋಚನೆ ಮಾಡಲಿಲ್ಲ. ಅವಳ ಕೈಯಲ್ಲಿ ಆಗಲೇ ಒಂದು ಕೋಲಿತ್ತು. ಹೊರೆ ಹೊರುವವರೆಲ್ಲ ಹಿಡಿಯುವ ಕವೆಗೋಲು. ತುದಿಯಲ್ಲಿ ಎರಡು ಕೊಂಬು. ದಣಿದಾಗ ಹೊರೆಗೆ ಆನಿಕೆ ಕೊಡುವುದಕ್ಕೆ, ಬಂಡೆ ಹತ್ತಲಾರದವರಿಗೆ ಚಾಚಿ ಮೇಲಕ್ಕೆ ಎಳೆದುಕೊಳ್ಳುವುದಕ್ಕೆ. ಅದು ಚೆನ್ನಂಜನ ಕೋಲು.

"ಇದನ್ನೇ ಕಲ್ಸಿ," ಅಂದಳು. "ಹೆಂಗೂ ಹಿಡ್ಕೊಂಡೇ ಹೋಗ್ಬೇಕು."

ಮಂಟಯ್ಯ ಒಪ್ಪಿದ. ಗರಡಿಯೊಳಗೆ ಅಲ್ಲ, ಬೇವಿನ ಮರದ ಕೆಳಗೆ. ಕಲಿಯುವಷ್ಟು ದಿನ ತಾಯಿ ಮಗಳಿಗೆ ಗರಡಿಯಿಂದಲೇ ಗಂಜಿ.

ಮೊದಲು ಕೋಲು ಮುಟ್ಟಿಸಲಿಲ್ಲ. ನೆಲ ಅಗೆ ಅಂದ. ಅಗೆದಳು. ಬಸ್ಕಿ ಹೊಡೆ ಅಂದ. ಹೊಡೆದಳು. ಬಿದ್ದಳು, ಎದ್ದಳು. ನೀರು ತುಂಬಿದ ಕೊಡ ತಲೆ ಮೇಲೆ ಇಟ್ಟು ಕೂತು ಏಳು ಅಂದ. ಕೂತಳು, ಎದ್ದಳು. ಗಂಡ ಸತ್ತಾಗಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಈಗ ಅನ್ನ ಸೇರಿತು. ಚಾಪೆಗೆ ತಲೆ ಇಟ್ಟರೆ ನಿದ್ದೆ ಬಂತು. ಬೆನ್ನು ನೆಟ್ಟಗಾಯಿತು. ನೆಲ ನೋಡಿಕೊಂಡು ನಡೆಯುತ್ತಿದ್ದವಳು ಎದುರಿಗೆ ನೋಡಿ ನಡೆದಳು. ಬೀದಿಯಲ್ಲಿ ಆಡಿಕೊಳ್ಳುತ್ತಿದ್ದ ಹೆಂಗಸರು ದಾರಿ ಬಿಟ್ಟರು. ಇಷ್ಟು ನಿಜ. ಅವಳು ಕೊಡ ಹೊತ್ತು ಕೂತಾಗ ನೆಲ ಬಿರುಕು ಬಿಡುತ್ತಿತ್ತು ಅಂತಾರೆ. ಅದು ಸುಳ್ಳು. ಆ ನೆಲ ಮೊದಲೇ ಬಿರುಕು ಬಿಟ್ಟಿತ್ತು.

ಆಮೇಲೆ ಕೋಲು ಕೊಟ್ಟ. ಹೊಡೆತ ಕಲಿಸಿದ, ತಡೆ ಕಲಿಸಿದ. ಕಲಿತಳು. ಒಂದು ದಿನ ಅವಳು ಬೀಸಿದ ಕೋಲಿನ ಕವೆಯನ್ನು ಮಂಟಯ್ಯ ಎರಡು ಕೈಯಲ್ಲಿ ಹಿಡಿದು ಎಳೆದ. ಅವಳು ಬಿಡಲಿಲ್ಲ. ಕೋಲಿನ ಜೊತೆ ಬಂದು ಅವನ ಕಾಲ ಬಳಿ ಬಿದ್ದಳು.

"ಸತ್ತೆ," ಅಂದ ಮಂಟಯ್ಯ.

ಕೋಲು ಹಿಡಿದವರೆಲ್ಲ ಮಾಡುವ ತಪ್ಪು ಅದು. ಕೋಲು ಇದ್ದರೆ ನಾನು, ಕೋಲು ಹೋದರೆ ನಾನಿಲ್ಲ ಅಂದುಕೊಳ್ಳುತ್ತಾರೆ. ಗಟ್ಟಿ ಆಳು ಹಿಡಿದು ಎಳೆದರೆ ಕೋಲಿನ ಜೊತೆ ತಾವೂ ಅವನ ತೆಕ್ಕೆಗೆ ಹೋಗುತ್ತಾರೆ.

"ಎಳೆದ್ರೆ ಬಿಡು. ಎಳೆಯೋನು ಹಿಂದಕ್ಕೆ ಬೀಳ್ತಾನೆ. ನೀನು ಓಡು."

"ಬಿಡ್ತೀನಿ. ಇನ್ನೊಂದ್ ಸಲ ಎಳೀರಿ."

ಎಳೆದ. ಬಿಡಬೇಕು ಅಂದುಕೊಂಡೇ ಇದ್ದಳು. ಆದರೂ ಬಿಡಲಿಲ್ಲ. ಬಿದ್ದಳು. ಮೊಣಕೈ ತರಚಿಹೋಯಿತು.

"ಅದು ಚೆನ್ನಂಜನ ಕೋಲು, ಅದಕ್ಕೇ ಬಿಡ್ತಿಲ್ಲ ನೀನು," ಅಂದ ಮಂಟಯ್ಯ.

ಅವಳು ಎದ್ದು ಮತ್ತೆ ಕೋಲು ಮುಂದೆ ಮಾಡಿದಳು.

ಅಲ್ಲಿಂದ ಅವನು ಹೇಳದೆ ಕೇಳದೆ ಎಳೆದ. ಅವಳು ನೀರು ಕುಡಿಯುವಾಗ ಎಳೆದ. ಹೊರೆ ಹೊತ್ತು ನಿಂತಾಗ ಎಳೆದ. ಬೇರೆಯವರ ಜೊತೆ ಮಾತಾಡುವಾಗ ಬೆನ್ನ ಹಿಂದಿನಿಂದ ಬಂದು ಎಳೆದ. ಅವಳು ಅವನನ್ನು ಬಾಯಿಗೆ ಬಂದಂತೆ ಬೈದಳು. "ಮುದಿಯಾ, ನಿನ್ನ ಕೈ ಸೇದಿಹೋಗ" ಅಂದಳು. ಅವನು ಬೈಸಿಕೊಂಡು ಮತ್ತೆ ಎಳೆದ. ಮಳೆ ಹೋಗಿ ಚಳಿ ಬಂತು. ಚಳಿ ಹೋಗಿ ಬಿಸಿಲು ಬಂತು. ಒಂದು ದಿನ ಅವಳು ಮರದ ಕೆಳಗೆ ಕೂತು ಹೊನ್ನಿಯ ತಲೆ ಬಾಚುತ್ತಿದ್ದಳು. ಕೋಲು ಎಡಗೈಯಲ್ಲಿತ್ತು. ಮಂಟಯ್ಯ ಹಿಂದಿನಿಂದ ಬಂದು ಎಳೆದ. ಕೈ ಬಿಚ್ಚಿತು. ಮಂಟಯ್ಯ ಹಿಂದಕ್ಕೆ ಹೋಗಿ ಬೇವಿನ ಬುಡಕ್ಕೆ ಬಡಿದುಕೊಂಡು ಕೂತ. ಕೆಂಪಾಜಿ ತಿರುಗಿಯೂ ನೋಡಲಿಲ್ಲ. ಬಾಚುತ್ತಲೇ ಇದ್ದಳು. ಕೈ ಬಿಚ್ಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಹೊನ್ನಿ ಚಪ್ಪಾಳೆ ತಟ್ಟಿ ನಕ್ಕಳು. "ಅಜ್ಜ ಬಿದ್ದ, ಅಜ್ಜ ಬಿದ್ದ."

ಮಂಟಯ್ಯ ನಗಲಿಲ್ಲ, ಅಂತಾರೆ.

"ಹತ್ತಿತು," ಅಂದ. "ಇನ್ನು ಘಟ್ಟ ಇಳಿ."

ಅವಳು ಬೆಲ್ಲ ಹೊತ್ತು ಇಳಿದಳು. ಉಪ್ಪು ಹೊತ್ತು ಹತ್ತುವಾಗ ಜಾರುಬಂಡೆಯ ಮೇಲೆ ಹರಿಗಿವಿ ನಿಂತಿದ್ದ. ಹಿಂದೆ ಬರುತ್ತಿದ್ದ ಹೊರೆಯಾಳುಗಳು ನಿಂತುಬಿಟ್ಟರು. ಕೆಂಪಾಜಿ ನಿಲ್ಲಲಿಲ್ಲ.

"ಯಾರೇ ನೀನು?" ಅಂದ ಹರಿಗಿವಿ. "ಗಂಡಸರು ಮುಗಿದ್ರಾ ನಿಮ್ಮೂರಲ್ಲಿ?"

"ಒಬ್ಬನ್ನ ನೀನೇ ಮುಗಿಸ್ದ್ಯಲ್ಲ. ಅವನ ಹೆಂಡ್ತಿ."

"ಓಹೋ, ಕೈ ಕೊಟ್ಟನಲ್ಲ, ಅವನಾ? ಒಳ್ಳೇ ಮನುಷ್ಯ. ನೀನೂ ಕೊಡು ಕೈಯ."

ಅವಳು ಹೊರೆ ಇಳಿಸಿದಳು. ಕೋಲು ಮುಂದೆ ಮಾಡಿದಳು. ಅವನು ನಗುತ್ತ ಕವೆಯನ್ನು ಹಿಡಿದ. ಎರಡು ಕೊಂಬಿಗೂ ಕೈ ಹಾಕಿ, ಮೈಯ ಭಾರವೆಲ್ಲ ಬಿಟ್ಟು ತನ್ನ ಕಡೆಗೆ ಎಳೆದ.

ಕೈ ಬಿಚ್ಚಿತು.

ಹರಿಗಿವಿ ಹಿಂದಕ್ಕೆ ಹೋದ. ದಾರಿ ಅಲ್ಲಿ ಬಂಡೆ ಸುತ್ತಿ ತಿರುಗುತ್ತಿತ್ತು, ಅವನ ಹಿಂದೆ ಇದ್ದದ್ದು ಕಮರಿ. ಬಹಳ ಹೊತ್ತು ಕೂಗು ಕೇಳುತ್ತಿತ್ತು ಅಂತಾರೆ. ಅಷ್ಟು ಹೊತ್ತು ಕೇಳುವಷ್ಟು ಆಳ ಇಲ್ಲ ಅದು. ನಾನು ನೋಡಿದ್ದೇನೆ. ಕೋಲು ಮಾತ್ರ ಅಂಚಿನ ಪೊದೆಗೆ ಸಿಕ್ಕಿಕೊಂಡು ಉಳಿಯಿತು. ಕೆಂಪಾಜಿ ಅದನ್ನು ತೆಗೆದುಕೊಂಡಳು. ಉಪ್ಪಿನ ಹೊರೆ ಹೊತ್ತಳು. ಮನೆಗೆ ಬಂದು ಹೊನ್ನಿಗೆ ಗಂಜಿ ಕಾಯಿಸಿದಳು.

ಅವನು ಹೋದ ಮೇಲೆ ಅವನ ಜೊತೆಯವರು ಚದುರಿದರು. ದಾರಿ ಹಗುರಾಯಿತು. ಊರಿನ ಹೆಂಗಸರು ಕೆಂಪಾಜಿಯ ಮನೆ ಮುಂದೆ ಬಂದು ನಿಂತರು. ಗಂಡ ಹೊಡೆಯುವವಳು ಬಂದಳು. ಮೈಯಲ್ಲಿ ಕಸುವಿಲ್ಲದವಳು ಬಂದಳು. ಕತ್ತಲಾದರೆ ಹಿತ್ತಿಲಿಗೆ ಹೋಗಲು ಹೆದರುವವಳು ಬಂದಳು. ನಮಗೆ ಯಾವುದು ಸರಿ ಅಂತ ಕೇಳಿದರು. ಅವಳು ಅವರನ್ನು ನೋಡಿ, ನಡೆಸಿ ನೋಡಿ, ಹೇಳುತ್ತಿದ್ದಳು. ನಿನಗೆ ಕೋಲು. ನಿನಗೆ ಬರೀ ಓಟ ಸಾಕು. ನಿನಗೆ ಬಾಯಿ ಜೋರಿದೆ, ಅದನ್ನೇ ಇನ್ನಷ್ಟು ಜೋರು ಮಾಡು. ಹೆಂಗಸರು ನಗುತ್ತಿದ್ದರು. ಬೇವಿನ ಮರದ ಕೆಳಗೆ ಗರಡಿಗಿಂತ ಜಾಸ್ತಿ ಜನ ಆದರು ಅಂತಾರೆ. ಹುಲಿ ಅವಳ ಕೋಲು ಕಂಡು ದಾರಿ ಬಿಟ್ಟಿತು ಅಂತಾರೆ. ಹುಲಿ ಯಾರನ್ನು ಕಂಡರೂ ದಾರಿ ಬಿಡುತ್ತದೆ. ಅವಳು ಕೋಲು ನೆಟ್ಟಲ್ಲಿ ನೀರು ಬಂತು ಅಂತಾರೆ. ಬಂದಿದ್ದರೆ ಆ ಊರಿನವರು ಇವತ್ತಿಗೂ ನೀರಿಗೆ ಕೆಳಗಿನ ಹಳ್ಳಕ್ಕೆ ಯಾಕೆ ಹೋಗುತ್ತಾರೆ?

ಒಬ್ಬಳು ಮಾತ್ರ ಏನೂ ಕಲಿಯಲಿಲ್ಲ. ಹೊನ್ನಿ.

ಹೊನ್ನಿ ದೊಡ್ಡವಳಾದಳು. ಹೊರೆ ಹೊರುವ ವಯಸ್ಸಿಗೆ ಬಂದಳು. ಕೆಂಪಾಜಿ ಕೇಳಿದಳು, ಯಾವುದು ಬೇಕು ಅಂತ.

"ಯಾವ್ದೂ ಬೇಡ ಕಣವ್ವ. ನೀನಿದ್ದೀಯಲ್ಲ."

"ನಾನು ಎಷ್ಟು ದಿನ ಇರ್ತೀನೇ?"

"ನೀನು ಸಾಯೋಳಲ್ಲ ಬಿಡು. ಎಮನೇ ಬಂದು ಎಳೆದ್ರೂ ಕೋಲು ಬಿಟ್ಟು ಅವನನ್ನೇ ಕೆಡವ್ತೀಯ."

ಕೆಂಪಾಜಿ ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕಿದ್ದನ್ನು ಕಂಡವರು ಕಡಿಮೆ. ಮಗಳ ಮಾತಿಗೆ ನಗುತ್ತಿದ್ದಳಂತೆ. ಬಲವಂತ ಮಾಡಲಿಲ್ಲ. ಘಟ್ಟದಲ್ಲಿ ಕಳ್ಳರಿರಲಿಲ್ಲ. ಮಗಳನ್ನು ಹಿಂದೆ ಇಟ್ಟುಕೊಂಡು ತಾನು ಮುಂದೆ ನಡೆದರೆ ಆಯಿತು ಅಂದುಕೊಂಡಳು.

ಮಂಟಯ್ಯ ಆಗ ಹಣ್ಣುಮುದುಕ. ಕಣ್ಣು ಹೋಗಿತ್ತು. ಕೆಂಪಾಜಿ ದಿನಾ ಅವನಿಗೆ ಅಂಬಲಿ ಕೊಡುತ್ತಿದ್ದಳು. ಅವಳು ಬಂದಾಗಲೆಲ್ಲ ಅವನು ತಡಕಾಡಿ ಅವಳ ಕೋಲು ಹಿಡಿದು ಎಳೆಯುತ್ತಿದ್ದ. ಕೈ ಬಿಚ್ಚುತ್ತಿತ್ತು. ಸರಿ ಅಂತ ತಲೆ ಆಡಿಸಿ ಅಂಬಲಿ ಕುಡಿಯುತ್ತಿದ್ದ.

ಒಂದು ಮಳೆಗಾಲ. ಹೊರೆ ಹೊತ್ತು ಹೆಂಗಸರೆಲ್ಲ ಸಾಲಾಗಿ ಘಟ್ಟ ಹತ್ತುತ್ತಿದ್ದರು. ಕೆಂಪಾಜಿ ಮುಂದೆ, ಅವಳ ಹಿಂದೆ ಹೊನ್ನಿ, ಅವಳ ಹಿಂದೆ ಉಳಿದವರು. ಜಾರುಬಂಡೆಯಲ್ಲಿ ಪಾಚಿ ಕಟ್ಟಿತ್ತು. ಹೊನ್ನಿಯ ಕಾಲು ಜಾರಿತು. ಹೊರೆ ಕಮರಿಗೆ ಹೋಯಿತು. ಹೊನ್ನಿ ಅಂಚಿನ ಕೆಳಗೆ ಒಂದು ಬೇರಿಗೆ ನೇತುಬಿದ್ದಳು.

"ಅವ್ವಾ."

ಕೆಂಪಾಜಿ ತಿರುಗಿದಳು. ಹೊರೆ ಬಿಸಾಡಿದಳು. ಬಂಡೆಯ ಮೇಲೆ ಬೋರಲು ಬಿದ್ದು ಕವೆಗೋಲು ಚಾಚಿದಳು.

"ಹಿಡ್ಕೋ."

ಹೊನ್ನಿ ಬೇರು ಬಿಟ್ಟು ಒಂದು ಕೊಂಬು ಹಿಡಿದಳು. ಇನ್ನೊಂದು ಕೊಂಬು ಹಿಡಿದಳು. ಅವಳ ಭಾರವೆಲ್ಲ ಕೋಲಿಗೆ ಬಂತು. ಕೋಲು ಎಳೆಯಿತು.

ಕೈ ಬಿಚ್ಚಿತು.

ಹಿಂದಿದ್ದ ಹೆಂಗಸರು ಕಂಡರು. ಕೈ ಜಾರಲಿಲ್ಲ ಅಂತ ಹೇಳಿದರು. ಸೋಲಲಿಲ್ಲ ಅಂತ ಹೇಳಿದರು. ಅವಳ ಕೈಯಲ್ಲಿ ಅಂಥ ಹತ್ತು ಹೊನ್ನಿಯರನ್ನು ಎತ್ತುವ ಕಸುವಿತ್ತು. ಬಿಚ್ಚಿದ ಕೈಯನ್ನು ಅವಳು ಮತ್ತೆ ಮುಂದಕ್ಕೆ ಚಾಚಿದಳು. ಆಗ ಅಲ್ಲಿ ಏನೂ ಇರಲಿಲ್ಲ.

ಈ ಸಲ ಕೂಗು ಕೇಳಿಸಲಿಲ್ಲ ಅಂತಾರೆ.

ಹೆಂಗಸರು ಅವಳನ್ನು ಎಬ್ಬಿಸಲು ಹೋದರು. ಅವಳು ತಾನೇ ಎದ್ದಳು. ಬಳಸು ದಾರಿ ಹಿಡಿದು ಕಮರಿಗೆ ಇಳಿದಳು. ಊರಿನ ಗಂಡಸರೂ ಬಂದು ಇಳಿದರು. ಹಳ್ಳ ತುಂಬಿ ಹರಿಯುತ್ತಿತ್ತು. ಎರಡು ಕಲ್ಲಿನ ನಡುವೆ ಕೋಲು ಸಿಕ್ಕಿತು. ಅವಳು ಅದನ್ನು ತೆಗೆದುಕೊಂಡು ನೇರ ಮಂಟಯ್ಯನ ಹತ್ತಿರ ಹೋದಳು. ಮೈಯಿಂದ ನೀರು ಸುರಿಯುತ್ತಿತ್ತು.

"ಇದನ್ನ ಮರೆಸಿ," ಅಂದಳು.

ಮುದುಕನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವನು ಕುರುಡು ಕಣ್ಣನ್ನು ಅವಳ ಕಡೆ ತಿರುಗಿಸಿದ.

"ಬರಲ್ಲ ತಾಯಿ," ಅಂದ. "ಅದು ನನಗೆ ಬರಲ್ಲ."

"ನನ್ನ ಕೈಯ ಏನ್ ಮಾಡ್ಲಿ ಹಂಗಾದ್ರೆ?"

ಅವತ್ತಿನಿಂದ ಅವನು ಅಂಬಲಿ ಮುಟ್ಟಲಿಲ್ಲ, ಹಾಗೇ ಹೋದ ಅಂತ ಕೆಲವರು ಹೇಳುತ್ತಾರೆ. ಮುದುಕನಾಗಿದ್ದ, ಹೋದ ಅಂತ ಕೆಲವರು ಹೇಳುತ್ತಾರೆ.

ಕೆಂಪಾಜಿ ತನ್ನ ಸೀರೆಯ ಅಂಚು ಹರಿದಳು. ಕೋಲನ್ನು ಬಲಗೈ ಮಣಿಕಟ್ಟಿಗೆ ಸುತ್ತಿ ಸುತ್ತಿ ಕಟ್ಟಿದಳು. ಹಲ್ಲಿನಿಂದ ಗಂಟು ಬಿಗಿದಳು. ಆ ಗಂಟನ್ನು ಮತ್ತೆ ಬಿಚ್ಚಲಿಲ್ಲ. ಕಟ್ಟಿಕೊಂಡೇ ಉಂಡಳು, ಕಟ್ಟಿಕೊಂಡೇ ಮಲಗಿದಳು. ಚರ್ಮ ಬಟ್ಟೆಗೆ ಅಂಟಿತು. ಮಳೆಗಾಲದಲ್ಲೆಲ್ಲ ಜಾರುಬಂಡೆಯ ಮೇಲೆ ಕೂತಿರುತ್ತಿದ್ದಳು. ಹೊರೆಯಾಳುಗಳು ಬಂದರೆ ಕೋಲು ಚಾಚುತ್ತಿದ್ದಳು. ಹಿಡಿದು ದಾಟುತ್ತಿದ್ದರು. ಕೋಲು ಎಳೆದಾಗಲೆಲ್ಲ ಅವಳ ಬೆರಳು ಬಿಚ್ಚುತ್ತಿತ್ತು. ಗಂಟು ಹಿಡಿಯುತ್ತಿತ್ತು. ಅವಳ ಕೈಯಿಂದ ಅಲ್ಲಿ ಮತ್ತೆ ಯಾರೂ ಬೀಳಲಿಲ್ಲ. ಮಾತು ಬಿಟ್ಟಿದ್ದಳು. ಕಲಿಯುತ್ತೇವೆ ಅಂತ ಬಂದವರಿಗೆ ಮಣಿಕಟ್ಟು ತೋರಿಸಿ ಹಿಂದಕ್ಕೆ ಕಳಿಸುತ್ತಿದ್ದಳು.

ಅಲ್ಲೇ ಸತ್ತಳು. ಕೋಲು ಬಿಚ್ಚಲು ನೋಡಿದರು, ಆಗಲಿಲ್ಲ. ಕೋಲಿನ ಸಮೇತ ಮಣ್ಣು ಮಾಡಿದರು.

ಇವತ್ತಿಗೂ ಕಣಿವೆಮೋಳೆಯಲ್ಲಿ ಕೋಲು ಕಲಿಯಲು ಬಂದವರಿಗೆ ಮೊದಲ ದಿನ ಹೊಡೆತ ಹೇಳಿಕೊಡುವುದಿಲ್ಲ. ಮನೆಯಿಂದ ತಾಯಿಯ ಸೀರೆಯ ಅಂಚು ತಾ ಅನ್ನುತ್ತಾರೆ. ಅದರಿಂದ ಕೋಲನ್ನು ಮಣಿಕಟ್ಟಿಗೆ ಕಟ್ಟುತ್ತಾರೆ. ಒಬ್ಬ ಎಳೆಯುತ್ತಾನೆ. ಬಂದವನು ಬೆರಳು ಬಿಚ್ಚಬೇಕು, ಕೋಲು ಕೈಯಲ್ಲೇ ತೂಗಬೇಕು. ಯಾಕೆ ಅಂತ ಕೇಳಿದರೆ ಹೊನ್ನಿಯ ಹೆಸರು ಹೇಳುತ್ತಾರೆ. ಘಟ್ಟ ಹತ್ತುವ ಹೆಂಗಸರು ಜಾರುಬಂಡೆ ಬಂದಾಗ ತಮ್ಮ ಮಣಿಕಟ್ಟಿನ ಗಂಟು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಹೊನ್ನಿಯ ಮೈ ಸಿಗಲಿಲ್ಲ.